ಮುಂಡಾಜೆಯ ದಾರಿಯಲ್ಲಿ ವಸಂತ



ಕಾಲೇಜಿನಲ್ಲಿ ಇಂಗ್ಲಿಷ್ ಕಾವ್ಯವನ್ನು ಪಾಠ ಹೇಳುವ ನನ್ನಂಥವರಿಗೆ ಪ್ರತಿವರ್ಷವೂ ಒಂದು ಇಕ್ಕಟ್ಟು ಒದಗುವುದುಂಟು. ವಸಂತವನ್ನು ಕುರಿತ ಪದ್ಯ ಬಂದಿತೆಂದರೆ ವಿದ್ಯಾರ್ಥಿಗಳ ಕಣ್ಣು ಕಿಟಕಿಯ ಕಡೆಗೆ ಹೊರಳುತ್ತದೆ. ಪುಸ್ತಕದೊಳಗೆ ಹಿಮ ಕರಗುತ್ತಿರುವುದು. ಕಿಟಕಿಯ ಹೊರಗೆ ಬಿಸಿಲು ಉರಿಯುತ್ತಿರುವುದು. “ನಮ್ಮ ದೇಶದಲ್ಲಿ ವಸಂತವೆಂಬುದು ನಿಜವಾಗಿಯೂ ಉಂಟೆ, ಅಥವಾ ಅದು ಕವಿಗಳು ಕಟ್ಟಿದ ಮಾತೇ?” ಎಂದು ಹುಡುಗನೊಬ್ಬನು ಒಂದು ಸಲ ಕೇಳಿಯೇಬಿಟ್ಟನು. ಅಂದು ನಾನು ಕೊಟ್ಟ ಉತ್ತರ ನನಗೇ ರುಚಿಸಲಿಲ್ಲ. ಆ ಪ್ರಶ್ನೆಗೆ ತಕ್ಕ ಸಮಾಧಾನ ನನಗೆ ಆಮೇಲೆ ದೊರೆಯಿತು. ಗ್ರಂಥಾಲಯದಲ್ಲಿ ಅಲ್ಲ, ಒಂದು ರಸ್ತೆಯ ಮೇಲೆ. ಆ ರಸ್ತೆಯ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೂಡಿಗೆರೆಯಿಂದ ಪಶ್ಚಿಮಕ್ಕೆ ಹೊರಟು, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಟ್ಟವನ್ನಿಳಿದು, ಮುಂಡಾಜೆ, ಉಜಿರೆ, ಬೆಳ್ತಂಗಡಿಗಳನ್ನು ಹಾದು, ಗುರುವಾಯನಕೆರೆಯಲ್ಲಿ ಕವಲೊಡೆದು, ಒಂದು ಕಡೆಗೆ ಬಂಟ್ವಾಳಕ್ಕೂ ಇನ್ನೊಂದು ಕಡೆಗೆ ವೇಣೂರು ಮೂಡುಬಿದಿರೆಗಳಿಗೂ ಹೋಗುವ ದಾರಿ ಅದು. ಇದರಲ್ಲಿ ಮೂಡಿಗೆರೆಯಿಂದ ಬಂಟ್ವಾಳದವರೆಗಿನ ಭಾಗವು ಮಂಗಳೂರಿನಿಂದ ತುಮಕೂರಿಗೆ ಹೋಗುವ 73ನೆಯ ರಾಷ್ಟ್ರೀಯ ಹೆದ್ದಾರಿಗೆ ಸೇರಿದುದು. ಸ್ವಂತ ಮೋಟಾರು ಇದ್ದವರು ಫಾಲ್ಗುಣ ಚೈತ್ರಗಳಲ್ಲಿ ಎರಡು ದಿನದ ಬಿಡುವು ಮಾಡಿಕೊಂಡು ಈ ದಾರಿಯಲ್ಲಿ ಹೋಗಿ ಬರುವುದಾದರೆ, ವಸಂತ ಉಂಟೋ ಇಲ್ಲವೋ ಎಂಬ ಸಂದೇಹ ಮತ್ತೆ ಉಳಿಯಲಾರದು. ಆದರೆ ಅದಕ್ಕೊಂದು ನಿಯಮವುಂಟು. ಅದನ್ನು ಕಡೆಗೆ ಹೇಳುತ್ತೇನೆ.

ಮೊದಲು ಘಟ್ಟದ ಮೇಲಣ ಸೀಮೆ. ಮೂಡಿಗೆರೆಯ ಸುತ್ತಣ ನಾಡು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಕಾಫಿಯ ತೋಟಗಳ ನಾಡು. ಫೆಬ್ರವರಿ, ಮಾರ್ಚಿಯಲ್ಲಿ ಒಂದು ಹದವಾದ ಮಳೆ ಬಿದ್ದರೆ ತೋಟಗಾರರು ಅದನ್ನು ಹೂಮಳೆಯೆಂದು ಕರೆಯುತ್ತಾರೆ. ಮಳೆ ಬಿದ್ದ 8-10 ದಿನಗಳಿಗೆ ಗಿಡಗಳ ರೆಂಬೆರೆಂಬೆಯೂ ಬೆಳ್ಳಗಾಗುತ್ತದೆ. ಮಲ್ಲಿಗೆಯನ್ನು ನೆನಪಿಗೆ ತರುವ ಪರಿಮಳ ರಸ್ತೆಯ ಮೇಲೆಲ್ಲ ಹರಡುತ್ತದೆ. ಈ ಹೂವು ಎರಡು ಮೂರು ದಿನದ ಸಂಪತ್ತು. ಮೋಟಾರಿನ ಗಾಜನ್ನು ಏರಿಸಿಕೊಂಡು ತಂಪುಯಂತ್ರವನ್ನು ಹಾಕಿಕೊಂಡು ಹೋಗುವವರಿಗೆ ಅದು ಬರಿಯ ಬಿಳಿಯ ಬಣ್ಣ. ಗಾಜನ್ನು ಇಳಿಸಿದವರಿಗೆ ಮಾತ್ರ ಅದು ವಸಂತ. ತೋಟಗಾರನಿಗೋ ಅದು ವರ್ಷದ ಲೆಕ್ಕಾಚಾರ. ಮಳೆ ಒಂದು ವಾರ ತಡವಾದರೂ, ಅರಳಿದ ಹೂವಿನ ಮೇಲೆಯೇ ಸುರಿದರೂ, ಅವನ ಮುಖ ಬಾಡುತ್ತದೆ. ನಮ್ಮ ಸಂತೋಷಕ್ಕೂ ಅವನ ಆತಂಕಕ್ಕೂ ಕಾರಣ ಅದೇ ಹೂವು ಎಂಬುದನ್ನು ನೆನೆಯುವುದು ಒಳ್ಳೆಯದು.

ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆಯನ್ನು ತಿನ್ನದೆ ಮುಂದಕ್ಕೆ ಹೋಗುವವರು ವಿರಳ. ಅಲ್ಲಿಂದ ಮುಂದೆ ಇಳಿತ. ಘಟ್ಟದ ನಡುವೆ ಅಣ್ಣಪ್ಪಸ್ವಾಮಿಯ ಗುಡಿ. ಚಾಲಕರು ವೇಗವನ್ನು ತಗ್ಗಿಸಿ ಕೈಮುಗಿದು ಹೋಗುವುದು ಇಲ್ಲಿಯ ರೂಢಿ. ಒಂದು ಪಕ್ಕಕ್ಕೆ ಬಂಡೆಯ ಗೋಡೆ, ಮತ್ತೊಂದು ಪಕ್ಕಕ್ಕೆ ಆಳವಾದ ಕಣಿವೆ. ಕಣಿವೆಯಾಚೆ ಒಂದರ ಹಿಂದೊಂದು ನೀಲಿಯ ಬೆಟ್ಟಗಳು. ಮಳೆಗಾಲದಲ್ಲಿ ಈ ಬಂಡೆಗಳ ಮೇಲೆಲ್ಲ ನೀರು ಧುಮುಕುತ್ತಿರುತ್ತದೆ. ಚಿತ್ರ ತೆಗೆಯುವವರ ಗುಂಪು ಸೇರುವುದು ಆಗಲೇ. ವಸಂತದಲ್ಲಿ ಝರಿಗಳು ನೂಲಿನಷ್ಟಾಗಿರುತ್ತವೆ. ಆದರೆ ಕಾಡನ್ನು ನೋಡಬೇಕಾದುದು ಈ ಕಾಲದಲ್ಲಿಯೇ.

ಏಕೆಂದರೆ ನಮ್ಮ ವಸಂತದ ರಹಸ್ಯವೆಲ್ಲ ಇಲ್ಲಿದೆ. ಇಂಗ್ಲೆಂಡಿನ ವಸಂತವು ಹಿಮ ಕಳೆದ ಮೇಲೆ ಬರುವುದು. ನೆಲ ತೇವಗೊಂಡ ಮೇಲೆ ಗಿಡ ಚಿಗುರುವುದು. ನಮ್ಮ ಮಲೆಗಳ ವಸಂತವಾದರೋ ಮಳೆ ಬರುವುದಕ್ಕೆ ಎರಡು ಮೂರು ತಿಂಗಳು ಮುಂಚಿತವಾಗಿ, ನೆಲ ಒಣಗಿ ಬಿರಿಯುತ್ತಿರುವಾಗ, ಬರಲಿರುವ ಮಳೆಯನ್ನು ನಂಬಿಕೊಂಡು ಬರುತ್ತದೆ. ನಾಗಸಂಪಿಗೆಯ ಚಿಗುರು ಕೆಂಪು. ಮಾವಿನ ಚಿಗುರು ತಾಮ್ರದ ಬಣ್ಣ. ದೂರದಿಂದ ನೋಡಿದವರು ಕಾಡೇ ಹೂಬಿಟ್ಟಿದೆಯೆಂದು ಭ್ರಮಿಸಬೇಕು. ಎಳೆಯ ಎಲೆಯ ಈ ಕೆಂಪು ತೀವ್ರವಾದ ಬಿಸಿಲಿನಿಂದ ಅದನ್ನು ಕಾಪಾಡುವ ಒಂದು ವರ್ಣದ್ರವ್ಯವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಎಲೆಯುದುರಿಸಿ ಬರಿದಾದ ಬೂರುಗದ ಮರದಲ್ಲಿ ಕೆಂಪು ಬಟ್ಟಲುಗಳಂಥ ಹೂ. ಏಪ್ರಿಲ್ ಬಂದಿತೆಂದರೆ ಕಕ್ಕೆಯ ಮರದಲ್ಲಿ ಹೊನ್ನಿನ ಗೊಂಚಲು. ಹುಡುಗನ ಪ್ರಶ್ನೆಗೆ ನಾನು ಹೇಳಬೇಕಾಗಿದ್ದ ಉತ್ತರ ಇದೇ: ಅಲ್ಲಿಯ ವಸಂತ ಒಂದು ಬಿಡುಗಡೆ, ನಮ್ಮದು ಒಂದು ಭರವಸೆ.

ಘಟ್ಟವನ್ನಿಳಿದ ಮೇಲೆ ಬಲುಬೇಗ ಎಲ್ಲವೂ ಬದಲಾಗುತ್ತದೆ. ಗಾಳಿ ಬೆಚ್ಚಗಾಗುತ್ತದೆ, ನೆಲ ಕೆಂಪಾಗುತ್ತದೆ, ಕಾಫಿಯ ಬದಲು ಅಡಿಕೆ ತೆಂಗುಗಳು ಕಾಣಿಸಿಕೊಳ್ಳುತ್ತವೆ, ಕಿವಿಗೆ ಕನ್ನಡದೊಡನೆ ತುಳು ಬೀಳುತ್ತದೆ. ದಾರಿಯ ಹತ್ತಿರವೇ ಮೃತ್ಯುಂಜಯಾ ಎಂಬ ಹೊಳೆ. ವಸಂತದಲ್ಲಿ ಅದು ಕಲ್ಲುಗಳ ನಡುವೆ ಹರಿಯುವ ಸಾಧುವಾದ ನೀರು. ಮಕ್ಕಳು ಮೊಣಕಾಲುದ್ದ ನೀರಿನಲ್ಲಿ ಆಡುತ್ತಿರುತ್ತಾರೆ. ಮುಂದೆ ಅದು ನೇತ್ರಾವತಿಯನ್ನು ಸೇರುತ್ತದೆ.

ಇದೇ ಸಾಧುವಾದ ಹೊಳೆಯು 2019ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಏನಾಯಿತೆಂಬುದನ್ನು ಈ ಊರುಗಳವರು ಮರೆತಿಲ್ಲ. ಘಟ್ಟದಲ್ಲಿ ಹಲವು ಕಡೆ ಗುಡ್ಡ ಕುಸಿಯಿತು; ರಸ್ತೆ ಮುರಿದು ಕಣಿವೆಗೆ ಜಾರಿತು; ಘಟ್ಟದ ಬುಡದ ಗ್ರಾಮಗಳ ತೋಟಗಳಲ್ಲಿ ಮರಳೂ ಮರದ ದಿಮ್ಮಿಗಳೂ ಬಂದು ತುಂಬಿದುವು. ಚಾರ್ಮಾಡಿಯ ಸಂಚಾರ ತಿಂಗಳುಗಟ್ಟಲೆ ನಿಂತುಹೋಗಿ, ಆಮೇಲೆ ಸಣ್ಣ ವಾಹನಗಳಿಗೆ ಮೊದಲಾಗಿ ಹಂತಹಂತವಾಗಿ ತೆರೆಯಿತು. ಬೆಳ್ತಂಗಡಿ ತಾಲ್ಲೂಕಿನಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಮಿಕ್ಕ ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ ಸುರಿದುಬಿಡುವುದು. ಆದುದರಿಂದ ವಸಂತದಲ್ಲಿ ಘಟ್ಟವನ್ನಿಳಿಯುವವರು ಬೆಟ್ಟದ ಮೈಮೇಲಣ ಗಾಯದ ಕಲೆಗಳನ್ನೂ ನೋಡಬೇಕು. ಸೌಂದರ್ಯವನ್ನು ನೋಡಿ ಕಲೆಯನ್ನು ನೋಡದೆ ಬರುವುದು, ಒಬ್ಬರ ಮನೆಗೆ ಹೋಗಿ ಊಟ ಮಾಡಿ ಯೋಗಕ್ಷೇಮ ಕೇಳದೆ ಬಂದಂತೆ.

ಮುಂಡಾಜೆ ಒಂದು ಪೇಟೆಯಲ್ಲ. ತೋಟ, ಗದ್ದೆ, ಕಾಡುಗಳ ನಡುವೆ ಚದುರಿದ ಮನೆಗಳ ಗ್ರಾಮ. ತುಳುವರ ಜೊತೆಯಲ್ಲಿ, ಶತಮಾನಗಳ ಹಿಂದೆ ಕೊಂಕಣದ ಕಡೆಯಿಂದ ಬಂದು ನೆಲಸಿದ ಚಿತ್ಪಾವನ ಕುಟುಂಬಗಳು ಇಲ್ಲಿವೆ. ಅವರು ಮನೆಯಲ್ಲಿ ಚಿತ್ಪಾವನಿಯನ್ನೂ, ಆಳುಕಾಳುಗಳೊಡನೆ ತುಳುವನ್ನೂ, ಶಾಲೆಯಲ್ಲಿ ಕನ್ನಡವನ್ನೂ ಆಡುತ್ತಾರೆ. ಅಪರೂಪವಾದ ಪರಶುರಾಮನ ದೇವಸ್ಥಾನವೊಂದು ಈ ಗ್ರಾಮದಲ್ಲಿದೆ. ತುಳುವರ ಸೌರಮಾನದಲ್ಲಿ ಸುಗ್ಗಿ ತಿಂಗಳು ಮುಗಿದು ಪಗ್ಗು ಹುಟ್ಟುವ ದಿನವೇ ಬಿಸು, ಏಪ್ರಿಲ್ ನಡುವಿನ ಹೊಸ ವರ್ಷ. ಈ ಕಾಲದಲ್ಲಿ ಅಂಗಳಗಳೆಲ್ಲ ಅಡಿಕೆಯಿಂದ ತುಂಬಿರುತ್ತವೆ. ಹಣ್ಣಡಿಕೆ ಸುಮಾರು 40 ದಿನ ಬಿಸಿಲು ಕುಡಿದು ಚಾಲಿಯಾಗಬೇಕು. ಅಕಾಲದ ಒಂದು ಮಳೆ ಸಾಕು, ಮನೆಮಂದಿಯೆಲ್ಲ ಅಂಗಳಕ್ಕೆ ಓಡಲು. ಗುಡ್ಡದ ಮೇಲೆ ಗೇರು ಹಣ್ಣಾಗಿರುತ್ತದೆ. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದ ಈ ಮರ ಈಗ ಇಲ್ಲಿಯದೇ ಆಗಿಹೋಗಿದೆ. ಕೊಳೆತ ಗೇರುಹಣ್ಣಿನ ಹುಳಿವಾಸನೆ, ಸುರಗಿಯ ಹೂವಿನ ಘಮ, ಬಿಸಿಲಿಗೆ ಕಾದ ಮುರಕಲ್ಲಿನ ವಾಸನೆ—ಈ ಮೂರೂ ಸೇರಿದರೆ ಈ ಸೀಮೆಯ ವಸಂತ.

ಮುಂಡಾಜೆಯ ಸೋಮಂತಡ್ಕದಲ್ಲಿ ಬಲಕ್ಕೆ ಒಂದು ಕಿರಿಯ ರಸ್ತೆ ಒಡೆದು ಕಡಿರುದ್ಯಾವರದ ಮೇಲೆ ದಿಡುಪೆಯ ಕಡೆಗೆ ಹೋಗುತ್ತದೆ. ಹೊತ್ತಿದ್ದವರು ಈ ಕವಲನ್ನು ಬಿಡಬಾರದು. ತೋಟಗಳ ನೆರಳಿನಲ್ಲಿ, ಸಣ್ಣ ಸೇತುವೆಗಳ ಮೇಲೆ, ಕುದುರೆಮುಖದ ಬೆಟ್ಟಸಾಲು ಗೋಡೆಯಂತೆ ಎದುರಿಗೆ ನಿಂತಿರುವಂತೆಯೇ ದಾರಿ ಸಾಗುತ್ತದೆ. ಎದುರಿನಿಂದ ಒಂದು ಬಸ್ಸು ಬಂದರೆ ನಾವು ಪಕ್ಕಕ್ಕೆ ಸರಿದು ನಿಲ್ಲಬೇಕು. ಆ ನಿಂತ ಎರಡು ನಿಮಿಷದಲ್ಲಿ ಕಣ್ಣಿಗೂ ಕಿವಿಗೂ ಬೀಳುವಷ್ಟು ಹೆದ್ದಾರಿಯ ಹತ್ತು ಮೈಲಿಯಲ್ಲಿ ಬೀಳಲಾರದು.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಮಾರ್ಚಿಯ ಒಂದು ಮಧ್ಯಾಹ್ನ ನಾನು ಇದೇ ದಾರಿಯಲ್ಲಿ ಆತುರದಿಂದ ಹೋಗುತ್ತಿದ್ದೆನು. ಸಂಜೆ ಬಾಗಿಲು ಹಾಕುವುದರೊಳಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಬೇಕೆಂಬ ಆಸೆ. 1430ರಲ್ಲಿ ಕಟ್ಟಿದ ಬಸದಿ; ಆರು ನೂರು ವರ್ಷ ಕಾದುಕೊಂಡಿದ್ದುದು ಇನ್ನೊಂದು ದಿನ ಕಾಯುತ್ತಿರಲಿಲ್ಲವೆ ಎಂಬ ವಿವೇಕ ಆಗ ನನಗಿರಲಿಲ್ಲ. ಮುಂಡಾಜೆಯ ಬಳಿ ಕಾಡಿನ ಅಂಚಿನ ಒಂದು ತಿರುವಿನಲ್ಲಿ ಹೆಂಗಸೊಬ್ಬಳು ತಲೆಯ ಮೇಲೆ ತರಗೆಲೆಯ ದೊಡ್ಡ ಹೊರೆಯನ್ನು ಹೊತ್ತು ರಸ್ತೆಯನ್ನು ದಾಟುತ್ತಿದ್ದಳು. ಈ ಸೀಮೆಯಲ್ಲಿ ಮಳೆಗೆ ಮುಂಚೆ ಕಾಡಿನ ಒಣ ಎಲೆಗಳನ್ನು ಗುಡಿಸಿ ತಂದು ಹಟ್ಟಿಯಲ್ಲಿ ದನಗಳ ಕಾಲಡಿಗೆ ಹಾಸುವುದು, ಅದೇ ಮುಂದೆ ತೋಟಕ್ಕೆ ಗೊಬ್ಬರವಾಗುವುದು ಪದ್ಧತಿ. ನಾನು ಬ್ರೇಕನ್ನು ಒತ್ತಿದೆನು. ರಸ್ತೆಯ ಮೇಲೆ ಉದುರಿದ್ದ ಎಲೆಗಳ ಮೇಲೆ ಗಾಲಿಗಳು ಜಾರಿ, ಮೋಟಾರು ಓರೆಯಾಗಿ ಹೋಗಿ ನಿಂತಿತು. ಆಕೆ ಹಿಂದಕ್ಕೆ ಹಾರಿದಳು. ಹೊರೆ ಬಿದ್ದು ಒಡೆದುಹೋಯಿತು. ಯಾರಿಗೂ ಏನೂ ಆಗಲಿಲ್ಲವೆಂದು ನಿಟ್ಟುಸಿರು ಬಿಟ್ಟು ಕೆಳಗಿಳಿದ ಮೇಲೆ ಇನ್ನೊಂದನ್ನು ಕಂಡೆನು. ಮೋಟಾರಿನ ಮುಂದೆ, ಗಾಲಿಯಿಂದ ಮೂರು ಮೊಳ ದೂರದಲ್ಲಿ, ಏಳೆಂಟು ವರ್ಷದ ಹುಡುಗಿಯೊಬ್ಬಳು ತನ್ನ ಸಣ್ಣ ಹೊರೆಯನ್ನು ಎರಡು ಕೈಯಿಂದಲೂ ಹಿಡಿದುಕೊಂಡು ನಿಂತಿದ್ದಳು. ಅವಳು ಅಲ್ಲಿದ್ದುದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಬೈಗುಳಕ್ಕೆ ಸಿದ್ಧನಾಗಿ ನಿಂತೆನು. ಅದಕ್ಕೆ ನಾನು ಅರ್ಹನೂ ಆಗಿದ್ದೆನು. ಆಕೆ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡು, ನನ್ನನ್ನೊಮ್ಮೆ ನೋಡಿ, “ಮೆಲ್ಲ ಪೋಲೆ” ಎಂದಳು. ತುಳುವಿನಲ್ಲಿ ಅದಕ್ಕೆ ಮೆಲ್ಲಗೆ ಹೋಗಿ ಎಂದು ಅರ್ಥ. ಅಷ್ಟೇ. ಆಮೇಲೆ ಕುಳಿತು ಎಲೆಗಳನ್ನು ಒಟ್ಟತೊಡಗಿದಳು. ನಾನೂ ಕುಳಿತು ಒಟ್ಟಿದೆನು. ಹೊರೆಯನ್ನು ಕಟ್ಟಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ, ನಾನು ಎಷ್ಟೋ ಸಲ ಹಾದುಹೋಗಿದ್ದ ಆ ಜಾಗವನ್ನು ಮೊದಲ ಬಾರಿಗೆ ನೋಡಿದೆನು. ತಲೆಯ ಮೇಲೆಯೇ ಒಂದು ಸುರಗಿಯ ಮರವಿದ್ದಿತು. ಅದರ ಹೂ ಹಳೆಯ ಕೊಂಬೆಗಳಿಗೆ ಅಂಟಿಕೊಂಡಂತೆ ಬಿಡುವುದು. ಒಣಗಿದರೂ ವಾಸನೆ ಹೋಗದು. ಹುಡುಗಿ ನೆಲದಿಂದ ನಾಲ್ಕು ಹೂಗಳನ್ನು ಆಯ್ದು ಹೊರೆಯ ಬಳ್ಳಿಗೆ ಸಿಕ್ಕಿಸಿಕೊಂಡಳು. ಅಂದು ಬಸದಿಯ ಬಾಗಿಲು ಹಾಕಿದ ಮೇಲೆ ಮೂಡುಬಿದಿರೆಯನ್ನು ತಲುಪಿದೆನು. ಅದರ ವ್ಯಸನ ನನಗಾಗಲಿಲ್ಲ.

ಮೆಲ್ಲಗೆ ಹೋದವರಿಗೆ ಈ ದಾರಿ ಎಷ್ಟನ್ನು ಕೊಡುತ್ತದೆಂಬುದಕ್ಕೆ ಹಳೆಯ ನಿದರ್ಶನವೊಂದಿದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಕುಂಪಣಿಯ ಅಪ್ಪಣೆಯಂತೆ ನಾಡನ್ನು ಸಮೀಕ್ಷಿಸಲು ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರ ಫೆಬ್ರವರಿಯಲ್ಲಿ ಈ ಸೀಮೆಗೆ ಬಂದನು. ಬಂಟ್ವಾಳ, ಜಮಲಾಬಾದು, ವೇಣೂರು, ಮೂಡುಬಿದಿರೆ, ಕಾರ್ಕಳ ಅವನು ಹಿಡಿದ ದಾರಿ. ದಿನಕ್ಕೆ ಕೆಲವೇ ಮೈಲಿಗಳ ಪ್ರಯಾಣ. 1807ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಮಣ್ಣು, ಬೆಳೆ, ಕಂದಾಯ, ಜನರ ಆಚಾರ ಎಲ್ಲವೂ ದಾಖಲಾಗಿವೆ. ಅವನು ಆಳುವವರ ಕಣ್ಣಿನಿಂದ ನೋಡಿದನೆಂಬುದು ದಿಟ, ಆದರೂ ನೋಡಿದನು. ನಮ್ಮ ಮೋಟಾರು ಅವನ ನಾಲ್ಕು ದಿನದ ದಾರಿಯನ್ನು ಎರಡು ಗಂಟೆಯಲ್ಲಿ ಮುಗಿಸುತ್ತದೆ. ಉಳಿದ ಹೊತ್ತಿನಲ್ಲಿ ನಾವು ಏನನ್ನು ನೋಡಿದೆವು?

ಉಜಿರೆಯನ್ನು ದಾಟುವಾಗ ಬಲಗಡೆ ಕಾಣುವ ಬೋಳು ಬಂಡೆಯೇ ಆ ಜಮಲಾಬಾದು. ಊರವರು ಗಡಾಯಿಕಲ್ಲು ಎನ್ನುತ್ತಾರೆ. ಟಿಪ್ಪು ಸುಲ್ತಾನನು 1794ರಲ್ಲಿ ಅದರ ನೆತ್ತಿಯ ಮೇಲೆ ಕೋಟೆಯನ್ನು ಕಟ್ಟಿಸಿದನು. ಗುರುವಾಯನಕೆರೆಯಲ್ಲಿ ಎಡಕ್ಕೆ ಹೋದರೆ ಪುಂಜಾಲಕಟ್ಟೆಯ ಮೇಲೆ ನೇತ್ರಾವತಿಯ ದಡದ ಬಂಟ್ವಾಳ. ಬಲಕ್ಕೆ ಹೋದರೆ ಫಲ್ಗುಣಿಯ ದಡದಲ್ಲಿ ವೇಣೂರು; ಅಲ್ಲಿ ಅಜಿಲರ ಅರಸು ತಿಮ್ಮಣ್ಣನು 1604ರಲ್ಲಿ ನಿಲ್ಲಿಸಿದ ಗೊಮ್ಮಟ. ಅಲ್ಲಿಂದ ಸುಮಾರು 20 ಕಿಲೋಮೀಟರಿಗೆ ಮೂಡುಬಿದಿರೆ, 18 ಬಸದಿಗಳ ಊರು. ಮತ್ತೂ ಅಷ್ಟೇ ದೂರ ಹೋದರೆ ಕಾರ್ಕಳ. 1432ರ ಗೊಮ್ಮಟ, 42 ಅಡಿ ಎತ್ತರ. ಧರ್ಮಸ್ಥಳದ 39 ಅಡಿಯ ಗೊಮ್ಮಟನನ್ನು ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಡೆದುದು ಕಾರ್ಕಳದಲ್ಲಿ. 1973ರಲ್ಲಿ ಆ ವಿಗ್ರಹವು ಬಹುಗಾಲಿಯ ಬಂಡಿಯನ್ನೇರಿ ರಸ್ತೆಯ ಮೇಲೆಯೇ ಪಯಣ ಮಾಡಿ ಧರ್ಮಸ್ಥಳವನ್ನು ಸೇರಿತು, 1982ರಲ್ಲಿ ಪ್ರತಿಷ್ಠೆಯಾಯಿತು. ಈ ಸೀಮೆಯ ರಸ್ತೆಗಳ ಮೇಲೆ ಅಷ್ಟು ಗಂಭೀರವಾಗಿಯೂ ಅಷ್ಟು ಮೆಲ್ಲಗೂ ಸಾಗಿದ ಪ್ರಯಾಣಿಕ ಬೇರೊಬ್ಬನಿಲ್ಲ!

ಈಚಿನ ವರ್ಷಗಳಲ್ಲಿ ಈ ಹೆದ್ದಾರಿಯನ್ನು ಅಗಲಗೊಳಿಸುವ ಕೆಲಸ ಮೊದಲು ಬಂಟ್ವಾಳದ ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆಯವರೆಗೂ, ಆಮೇಲೆ ಅಲ್ಲಿಂದ ಚಾರ್ಮಾಡಿಯ ಕಡೆಗೂ ನಡೆಯಿತು. ದಾರಿಯ ಬದಿಯ ಹಳೆಯ ಮರಗಳು ಎಷ್ಟೋ ಉರುಳಿದುವು. ಇದನ್ನು ಕಂಡು ವಿಹಾರಕ್ಕೆ ಹೋಗುವ ನಮ್ಮಂಥವರು ಹಲುಬುವುದು ಸುಲಭ. ಆದರೆ ಹೆರಿಗೆಯ ನೋವು ತಿನ್ನುವ ಹೆಂಗಸನ್ನು ಮಂಗಳೂರಿನ ಆಸ್ಪತ್ರೆಗೆ ಸಾಗಿಸಬೇಕಾದ ಮುಂಡಾಜೆಯ ಮನೆಯವರಿಗೆ ಒಳ್ಳೆಯ ರಸ್ತೆ ಬೇಡವೆಂದು ಹೇಳುವ ಅಧಿಕಾರ ನನಗಿಲ್ಲ. ನಾನು ಕೇಳುವುದು ಎರಡೇ. ಕಡಿದ ಮರಕ್ಕೆ ಬದಲಾಗಿ ನೆಡುವಾಗ ಈ ನೆಲದ ಮಾವು, ಹೊಂಗೆ, ಕಕ್ಕೆ, ಹೊಳೆದಾಸವಾಳ, ಸುರಗಿಗಳನ್ನು ನೆಡಲಿ. ರಸ್ತೆಯ ಅಗಲವನ್ನು ಅವಸರವಿದ್ದವರಿಗೆ ಬಿಟ್ಟು, ವಸಂತವನ್ನು ನೋಡಲೆಂದು ಬಂದ ನಾವು ಎಡಕ್ಕೆ ಸರಿದು ಮೆಲ್ಲಗೆ ಹೋಗೋಣ.

ಹೋಗತಕ್ಕವರಿಗೆ ಕೆಲವು ಸೂಚನೆಗಳು. ಘಟ್ಟವನ್ನು ಬೆಳಗ್ಗೆ ಇಳಿಯುವುದು ಲೇಸು. ಮಂಜಿದ್ದರೆ ಕರಗುವವರೆಗೆ ಕೊಟ್ಟಿಗೆಹಾರದಲ್ಲಿ ಕಾಯಬಹುದು. ಇಳಿಯುವಾಗ ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು. ಬ್ರೇಕನ್ನೇ ನೆಚ್ಚಿದರೆ ಅದು ಕಾದು ಸೋಲುವುದು. ಏರುತ್ತಿರುವ ಬಂಡಿಗೆ ದಾರಿ ಬಿಡುವುದು ಘಟ್ಟದ ಧರ್ಮ. ತಿರುವುಗಳಲ್ಲಿ ನಿಲ್ಲಬಾರದು, ಕೋತಿಗಳಿಗೆ ತಿನಿಸನ್ನು ಹಾಕಬಾರದು. ಈ ಕಾಲದಲ್ಲಿ ಹುಲ್ಲೆಲ್ಲ ಒಣಗಿರುವುದರಿಂದ ಎಸೆದ ಒಂದು ಬೀಡಿಯ ತುಂಡು ಗುಡ್ಡವನ್ನೇ ಸುಡಬಲ್ಲುದು. ಸಂಜೆಯ ಮೇಲೆ ಆನೆಗಳು ದಾರಿಗೆ ಬರುವುದುಂಟು. ಕೆಳಗಣ ಊರುಗಳಲ್ಲಿ ರಾತ್ರಿ ಎಲ್ಲಾದರೂ ಯಕ್ಷಗಾನವೋ ಭೂತದ ಕೋಲವೋ ನಡೆಯುತ್ತಿರುತ್ತದೆ. ಬೇಷ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯವರೆಗೂ ಆಟದ ಮೇಳಗಳಿಗೆ ಬಿಡುವಿಲ್ಲ. ಆಟ ನೋಡಿ ಮರಳುವ ಮುದುಕರೂ ನಿದ್ದೆಗಣ್ಣಿನ ಮಕ್ಕಳೂ ರಸ್ತೆಯ ಅಂಚಿನಲ್ಲಿಯೇ ನಡೆಯುತ್ತಿರುತ್ತಾರೆ. ನಮ್ಮ ದೀಪ ಅವರಿಗೆ ದಾರಿ ತೋರಬೇಕೇ ಹೊರತು ಕಣ್ಣು ಕುಕ್ಕಬಾರದು.

ಮೊದಲಿಗೆ ಒಂದು ನಿಯಮವನ್ನು ಹೇಳುವೆನೆಂದಿದ್ದೆ. ಅದನ್ನು ನೀವು ಈಗಾಗಲೇ ಊಹಿಸಿದ್ದೀರಿ. ನಮಗೆ ವಿಹಾರವಾಗಿರುವ ದಾರಿ ಅಲ್ಲಿಯವರಿಗೆ ಅಂಗಳ. ಅದರ ಮೇಲೆ ಅವರು ಅಡಿಕೆಯ ಮೂಟೆಯನ್ನು ಸಾಗಿಸುತ್ತಾರೆ, ಎಲೆಯ ಹೊರೆಯನ್ನು ದಾಟಿಸುತ್ತಾರೆ, ಮಕ್ಕಳನ್ನು ಶಾಲೆಗೆ ಕಳುಹಿಸುತ್ತಾರೆ. ಬೇರೊಬ್ಬರ ಅಂಗಳದಲ್ಲಿ ಹೇಗೆ ನಡೆಯುತ್ತೇವೋ ಹಾಗೆ ನಡೆದರೆ ವಸಂತವು ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಆ ಹೆಂಗಸು ಎರಡು ಮಾತಿನಲ್ಲಿ ಹೇಳಿದುದನ್ನು ನಾನು ಇಷ್ಟು ಹೊತ್ತು ಹೇಳಿದೆನು. ಅದನ್ನೇ ಮತ್ತೊಮ್ಮೆ ಹೇಳಿ ಮುಗಿಸುತ್ತೇನೆ: ಮೆಲ್ಲ ಪೋಲೆ. ಮೆಲ್ಲಗೆ ಹೋಗಿ ಬನ್ನಿ.